ಫೈನಲ್ ಫ್ಯಾಂಟಸಿ ಟ್ಯಾಕ್ಟಿಕ್ಸ್: ಕೋಟೆಯೂರಿನವನಿಗೆ ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಹುಟ್ಟಿ ಬೆಳೆದದ್ದು ಚಿತ್ರದುರ್ಗ, ಈಗ ಇರುವುದು ದಾವಣಗೆರೆ. ಎರಡೂ ಊರುಗಳಲ್ಲಿ ನನ್ನ ಕೈಯಲ್ಲಿ ಹಳೆಯ ಅಂಗೈ ಗೇಮ್ ಯಂತ್ರವಾದ ಪಿಎಸ್‌ಪಿ ಕಂಡವರು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ. ಪ್ರತಿ ಸಲವೂ ಬಾಯಲ್ಲಿ ಹೇಳುವ ಬದಲು ಬರೆದಿಡುವುದೇ ಲೇಸು ಅನಿಸಿತು. ಕಥೆಯ ಗುಟ್ಟುಗಳನ್ನು ಆದಷ್ಟು ಬಿಟ್ಟುಕೊಟ್ಟಿಲ್ಲ. ಮೊದಲ ಅಧ್ಯಾಯದ ಒಂದು ಸಂಗತಿಯನ್ನು ಮಾತ್ರ ಹೇಳದೆ ವಿಧಿಯಿಲ್ಲ. ಅದು ಬರುವ ಮುನ್ನ ಎಚ್ಚರಿಸುತ್ತೇನೆ.

ಯಾವ ಗೇಮ್ ಇದು?

ಫೈನಲ್ ಫ್ಯಾಂಟಸಿ ಟ್ಯಾಕ್ಟಿಕ್ಸ್. ಚೌಕಗಳ ಕದನಭೂಮಿಯಲ್ಲಿ ಸಣ್ಣ ಪಡೆಯೊಂದನ್ನು ಸರದಿಯಂತೆ ನಡೆಸುವ ಯುದ್ಧದಾಟ. ಜಪಾನಿನ ಸ್ಕ್ವೇರ್ ಕಂಪನಿ 1997ರಲ್ಲಿ ಪ್ಲೇಸ್ಟೇಷನ್‌ಗಾಗಿ ತಂದದ್ದು. ಹತ್ತು ವರ್ಷಗಳ ನಂತರ, 2007ರಲ್ಲಿ, ಸೋನಿಯ ಪಿಎಸ್‌ಪಿಗೆ ‘ದ ವಾರ್ ಆಫ್ ದ ಲಯನ್ಸ್’ ಎಂಬ ಉಪಶೀರ್ಷಿಕೆ ಹೊತ್ತು ಮತ್ತೆ ಬಂತು: ಹೊಸ ಅನುವಾದ, ಕೈಯಿಂದ ಬಿಡಿಸಿದ ಚಿತ್ರಗಳಂತೆ ಕಾಣುವ ಹೊಸ ದೃಶ್ಯಗಳು, ಯೋಧರಿಗೆ ಎರಡು ಹೊಸ ವೃತ್ತಿಗಳು. ನಾನು ಮಾತನಾಡುತ್ತಿರುವುದು ಈ ಪಿಎಸ್‌ಪಿ ಆವೃತ್ತಿಯ ಬಗ್ಗೆ. ಕಥೆ ಮತ್ತು ನಿರ್ದೇಶನ ಯಾಸುಮಿ ಮಟ್ಸುನೊ ಅವರದು, ಸಂಗೀತ ಹಿಟೋಶಿ ಸಾಕಿಮೊಟೊ ಮತ್ತು ಮಸಾಹಾರು ಇವಾಟಾ ಅವರದು, ಪಾತ್ರಗಳ ರೂಪ ಅಕಿಹಿಕೊ ಯೋಶಿದಾ ಅವರದು. ಯೋಶಿದಾ ಬರೆದ ಮುಖಗಳಿಗೆ ಮೂಗಿಲ್ಲ. ಎಲ್ಲರೂ ಮೊದಲು ಅದನ್ನೇ ಕೇಳುವುದರಿಂದ ಇಲ್ಲೇ ಹೇಳಿಬಿಟ್ಟೆ. ಸ್ವಲ್ಪ ಹೊತ್ತು ಆಡಿದ ಮೇಲೆ ಮೂಗಿನ ನೆನಪೇ ಬರುವುದಿಲ್ಲ.

ಸರದಿಗೆ ಕಾಯುತ್ತಾ ಆಡುವ ಯುದ್ಧದಲ್ಲಿ ಏನು ಸ್ವಾರಸ್ಯ?

ಕಾಯುವುದರಲ್ಲೇ ಸ್ವಾರಸ್ಯವಿದೆ. ಇಲ್ಲಿ ನೀವೊಂದು ಸಲ, ಶತ್ರುವೊಂದು ಸಲ ಎಂಬ ಸರಳ ಸರದಿ ಇಲ್ಲ. ಪ್ರತಿಯೊಬ್ಬ ಯೋಧನಿಗೂ ಒಂದು ಎಣಿಕೆ ಇರುತ್ತದೆ. ಅವನ ವೇಗ ಎಷ್ಟೋ ಅಷ್ಟು ಆ ಎಣಿಕೆಗೆ ಮತ್ತೆ ಮತ್ತೆ ಕೂಡುತ್ತಾ ಹೋಗಿ ಅದು 100 ಮುಟ್ಟಿದಾಗ ಅವನ ಸರದಿ. ನಡೆದು, ಹೊಡೆದು, ಎರಡನ್ನೂ ಮಾಡಿದರೆ 100 ಪೂರ್ತಿ ಖರ್ಚು. ಒಂದನ್ನೇ ಮಾಡಿದರೆ 80. ಏನೂ ಮಾಡದೆ ನಿಂತರೆ 60 ಮಾತ್ರ. ಅಂದರೆ ಸುಮ್ಮನೆ ನಿಂತವನಿಗೆ ಮುಂದಿನ ಸರದಿ ಬೇಗ ಬರುತ್ತದೆ. ಕೈಕಟ್ಟಿ ನಿಲ್ಲುವುದನ್ನೂ ಒಂದು ನಡೆಯೆಂದು ಬೆಲೆ ಕಟ್ಟಿ ಲೆಕ್ಕಕ್ಕೆ ಹಿಡಿಯುವ ಯುದ್ಧದಾಟಗಳು ಹೆಚ್ಚಿಲ್ಲ.

ಮಂತ್ರಗಳದು ಇನ್ನೊಂದು ಲೆಕ್ಕ. ಮಂತ್ರ ಹೇಳಲು ಶುರುಮಾಡಿದ ಮೇಲೆ ಅದು ಫಲಿಸಲು ಹೊತ್ತು ಬೇಕು. ದೊಡ್ಡ ಮಂತ್ರಕ್ಕೆ ದೊಡ್ಡ ಹೊತ್ತು. ನೀವು ಬೆಂಕಿಯನ್ನು ಒಂದು ಚೌಕಕ್ಕೆ ಗುರಿಯಿಡಬಹುದು, ಇಲ್ಲವೇ ಒಬ್ಬ ಶತ್ರುವಿಗೇ ಅಂಟಿಸಬಹುದು. ಚೌಕಕ್ಕೆ ಇಟ್ಟರೆ ಅವನು ಅಷ್ಟರಲ್ಲಿ ಜಾಗ ಖಾಲಿ ಮಾಡಿರುತ್ತಾನೆ. ಅವನಿಗೇ ಅಂಟಿಸಿದರೆ ಅವನು ನೇರವಾಗಿ ನಿಮ್ಮವರ ನಡುವೆಯೇ ಬಂದು ನಿಲ್ಲುತ್ತಾನೆ, ನಿಮ್ಮ ಬೆಂಕಿಯಲ್ಲಿ ನಿಮ್ಮವರೇ ಬೇಯುತ್ತಾರೆ. ಆದ್ದರಿಂದ ಮಂತ್ರ ಹೇಳುವ ಮುನ್ನ ಸರದಿಯ ಪಟ್ಟಿ ತೆರೆದು, ಯಾರ ನಂತರ ಯಾರು ಎಂದು ಓದಬೇಕು. ಈ ಓದನ್ನು ಬೇಸರವೆನ್ನುವವರಿಗೆ ಈ ಗೇಮ್ ಬೇಡ. ಇದರಲ್ಲೇ ಮಜಾ ಸಿಗುವವರಿಗೆ ಬೇರೆ ಗೇಮ್ ಹತ್ತುವುದು ಕಷ್ಟ.

ಚಿತ್ರದುರ್ಗದವರಿಗೆ ಇದು ಬೇಗ ತಲೆಗೆ ಹತ್ತುತ್ತದೆ ಎನ್ನುತ್ತೀರಲ್ಲ, ಅದು ಊರಿನ ಅಭಿಮಾನವೇ?

ಅರ್ಧ ಅಭಿಮಾನ, ಹೌದು. ಉಳಿದರ್ಧಕ್ಕೆ ಕಾರಣವಿದೆ.

ಈ ಗೇಮಿನ ಕದನಭೂಮಿ ಸಮತಟ್ಟಲ್ಲ. ಪ್ರತಿ ಚೌಕಕ್ಕೂ ಎತ್ತರವಿದೆ, ಪ್ರತಿ ಯೋಧನಿಗೂ ಎಷ್ಟು ಎತ್ತರ ಹತ್ತಬಲ್ಲ ಎಂಬ ಮಿತಿಯಿದೆ. ಎತ್ತರದಲ್ಲಿ ನಿಂತ ಬಿಲ್ಲುಗಾರನ ಬಾಣ ಹೆಚ್ಚು ದೂರ ಹೋಗುತ್ತದೆ. ಡಾರ್ಟರ್ ಎಂಬ ವ್ಯಾಪಾರದ ಊರಿನ ಬೀದಿಕಾಳಗ ಮೊದಲ ಅಧ್ಯಾಯದಲ್ಲೇ ಬರುತ್ತದೆ. ಮಾಡಿನ ಮೇಲೆ ನಿಂತ ಒಬ್ಬ ಬಿಲ್ಲುಗಾರ ಕೆಳಗಿನ ಬೀದಿಯಲ್ಲಿರುವ ನಿಮ್ಮ ಇಡೀ ಪಡೆಯನ್ನು ಗೋಳುಹೊಯ್ದುಕೊಳ್ಳುತ್ತಾನೆ. ಹೊಸಬರಲ್ಲಿ ಬಹುಮಂದಿ ಗೇಮನ್ನು ಕೆಳಗಿಡುವುದು ಅಲ್ಲೇ. ಏಳು ಸುತ್ತಿನ ಕೋಟೆ ಹತ್ತಿ ಬೆಳೆದವರಿಗೆ ಅದರಲ್ಲಿ ಆಶ್ಚರ್ಯವೇನೂ ಇಲ್ಲ. ಬಾಗಿಲಿನಿಂದ ಬಾಗಿಲಿಗೆ ದಾರಿ ನೇರವಾಗಿ ಸಾಗದೆ ತಿರುಗಿ ತಿರುಗಿ ಏಕೆ ಹೋಗುತ್ತದೆ, ಬುರುಜಿನ ಮೇಲಿರುವವನಿಗೆ ಕೆಳಗಿನವನ ನೆತ್ತಿ ಎಷ್ಟು ಹೊತ್ತು ಕಾಣುತ್ತಿರುತ್ತದೆ ಎಂಬುದನ್ನು ಶಾಲೆಯ ಪ್ರವಾಸದಲ್ಲೇ ಕಾಲು ಕಲಿತಿರುತ್ತದೆ.

ಇನ್ನು ಓಬವ್ವನ ಕಿಂಡಿ. ಒಬ್ಬೊಬ್ಬರೇ ತೆವಳಿ ಬರಬೇಕಾದ ಜಾಗದಲ್ಲಿ ಒನಕೆ ಹಿಡಿದ ಒಬ್ಬಳು ಹೈದರಾಲಿಯ ಸೈನಿಕರನ್ನು ತಡೆದ ಕಥೆ ನಮ್ಮಲ್ಲಿ ಯಾರಿಗೆ ಗೊತ್ತಿಲ್ಲ? ಈ ಗೇಮಿನಲ್ಲೂ ಮೆಟ್ಟಿಲ ತುದಿ, ಸೇತುವೆಯ ಬಾಯಿ, ಎರಡು ಗೋಡೆಗಳ ನಡುವಿನ ಸಂದಿ ಹುಡುಕಿ ಅಲ್ಲೊಬ್ಬ ಗಟ್ಟಿ ಯೋಧನನ್ನು ನಿಲ್ಲಿಸಿದರೆ ಅರ್ಧ ಕೆಲಸ ಮುಗಿದಂತೆ. ಆದರೆ ಮೈಮರೆಯಬಾರದು. ಇಲ್ಲಿನ ನಿಂಜಾಗಳು ಗೋಡೆ ಹಾರುತ್ತಾರೆ, ಡ್ರಗೂನ್‌ಗಳು ಆಕಾಶಕ್ಕೆ ನೆಗೆದು ತಲೆಯ ಮೇಲೆ ಭರ್ಜಿ ಇಳಿಸುತ್ತಾರೆ.

ಪ್ರತಿ ಸರದಿಯ ಕೊನೆಗೆ ನಿಮ್ಮ ಯೋಧ ಯಾವ ದಿಕ್ಕಿಗೆ ಮುಖಮಾಡಿ ನಿಲ್ಲಬೇಕೆಂದು ನೀವೇ ಹೇಳಬೇಕು. ಇದು ಸಣ್ಣ ವಿಷಯವಲ್ಲ. ಬೆನ್ನ ಹಿಂದಿನಿಂದ ಬಿದ್ದ ಏಟಿಗೆ ಗುರಾಣಿ ಅಡ್ಡ ಬರುವುದಿಲ್ಲ.

ವೃತ್ತಿಗಳ ವ್ಯವಸ್ಥೆ ಎಂದರೇನು? ಎಲ್ಲರೂ ಅದನ್ನೇ ಹೊಗಳುತ್ತಾರೆ.

ಹೊಗಳುವುದರಲ್ಲಿ ತಪ್ಪಿಲ್ಲ. ಪಡೆಯ ಸಾಮಾನ್ಯ ಯೋಧರು ಹಿಡಿಯಬಹುದಾದ ವೃತ್ತಿಗಳು ಮೂಲದಲ್ಲಿ 20, ಪಿಎಸ್‌ಪಿಯಲ್ಲಿ 22. ಶುರುವಿನಲ್ಲಿ ಸ್ಕ್ವೈರ್ (ಎಳೆಯ ಯೋಧ) ಮತ್ತು ಕೆಮಿಸ್ಟ್ (ಔಷಧಗಾರ) ಎರಡೇ. ಒಂದರಲ್ಲಿ ಪಳಗಿದಂತೆ ಇನ್ನೊಂದರ ಬಾಗಿಲು ತೆರೆಯುತ್ತದೆ: ನೈಟ್, ಆರ್ಚರ್, ಮಾಂಕ್, ಬಿಳಿ ಮತ್ತು ಕಪ್ಪು ಮಾಂತ್ರಿಕರು, ಕಳ್ಳ, ಸಮುರಾಯ್, ನಿಂಜಾ. ಹಾಡಿ ಹುರಿದುಂಬಿಸುವ ಬಾರ್ಡ್ ಗಂಡಸರಿಗೆ, ಕುಣಿದು ಶತ್ರುಗಳನ್ನು ಕುಗ್ಗಿಸುವ ಡ್ಯಾನ್ಸರ್ ಹೆಂಗಸರಿಗೆ.

ಒಂದು ವೃತ್ತಿಯಲ್ಲಿ ಕಲಿತ ವಿದ್ಯೆ ಇನ್ನೊಂದಕ್ಕೆ ಹೋದರೂ ಕೈಬಿಡುವುದಿಲ್ಲ ಎಂಬುದೇ ಇದರ ಸೊಗಸು. ಹಾಲಿ ವೃತ್ತಿಯ ವಿದ್ಯೆಯ ಜೊತೆಗೆ ಹಳೆಯದೊಂದನ್ನು ಸೇರಿಸಬಹುದು. ಏಟು ಬಿದ್ದಾಗ ತಾನಾಗಿ ಪ್ರತಿಕ್ರಿಯಿಸುವ ಒಂದು ಗುಣ, ಸದಾ ಬೆಂಬಲಕ್ಕಿರುವ ಒಂದು ಗುಣ, ನಡಿಗೆಯ ಒಂದು ಗುಣ ಬೇರೆ. ಮಾಂಕ್ ಆಗಿ ಬರಿಗೈ ಗುದ್ದು ಕಲಿತವನನ್ನು ನಿಂಜಾ ಮಾಡಿದರೆ ಅವನು ಎರಡು ಕೈಗಳಲ್ಲೂ ಗುದ್ದುತ್ತಾನೆ. ಕೆಮಿಸ್ಟ್ ಆಗಿದ್ದವನು ಏಟು ಬಿದ್ದಾಗಲೆಲ್ಲ ತಾನೇ ಔಷಧ ಕುಡಿಯುವುದನ್ನು ಕಲಿತು, ಆ ಅಭ್ಯಾಸವನ್ನು ಉಕ್ಕಿನ ಕವಚ ತೊಟ್ಟ ನೈಟ್ ಆದಮೇಲೂ ಉಳಿಸಿಕೊಳ್ಳಬಹುದು. ಹೀಗೆ ಒಬ್ಬೊಬ್ಬನನ್ನೂ ನೀವೇ ತಿದ್ದಿ ತೀಡಿ ತಯಾರು ಮಾಡಿರುವುದರಿಂದ, ಕಥೆಯಲ್ಲಿ ಒಂದು ಸಾಲು ಮಾತೂ ಇಲ್ಲದ ಬಾಡಿಗೆ ಸೈನಿಕ ನಿಮಗೆ ನಾಯಕನಿಗಿಂತ ಹತ್ತಿರದವನಾಗುತ್ತಾನೆ.

ಕಲಿಕೆಯ ಅಂಕ ಬರುವುದು ಗೆದ್ದಾಗಲ್ಲ, ಪ್ರತಿ ಕ್ರಿಯೆಗೂ. ನಿಮ್ಮ ಅಂಕದ ಕಾಲುಭಾಗ ಜೊತೆಗಿರುವವರಿಗೂ ಸೇರುತ್ತದೆ. ಈ ನಿಯಮ ತಿಳಿದ ಆಟಗಾರರು ಲೋಕದೆಲ್ಲೆಡೆ ಒಂದೇ ಕೆಲಸ ಮಾಡುತ್ತಾರೆ: ಕೊನೆಯ ಶತ್ರುವನ್ನು ಕೊಲ್ಲದೆ, ಕೈಲಾಗದಂತೆ ಮಾಡಿ ಮೂಲೆಗೆ ಕೂರಿಸಿ, ತಮ್ಮವರಿಂದ ತಮ್ಮವರಿಗೇ ಕಲ್ಲು ಹೊಡೆಸುತ್ತಾ ಅಂಕ ಗುಡ್ಡೆ ಹಾಕುವುದು. ನೋಡಲು ನಾಚಿಕೆಗೇಡು. ಎಲ್ಲರೂ ಮಾಡುತ್ತಾರೆ.

ಗಣಿತ ಬಳಸಿ ಯುದ್ಧ ಗೆಲ್ಲಬಹುದಂತೆ, ನಿಜವೇ?

ನಿಜ. ಅರಿತ್ಮೆಟಿಶಿಯನ್ ಎಂಬ ವೃತ್ತಿಯಿದೆ. ಅವನು ಗುರಿಯಿಡುವುದಿಲ್ಲ, ಲೆಕ್ಕ ಹೇಳುತ್ತಾನೆ. ‘ಲೆವೆಲ್ 5ರ ಅಪವರ್ತ್ಯ ಆಗಿರುವವರೆಲ್ಲರಿಗೂ’, ‘ನಿಂತ ಚೌಕದ ಎತ್ತರ 3ರ ಅಪವರ್ತ್ಯ ಆಗಿರುವವರೆಲ್ಲರಿಗೂ’, ‘ಅನುಭವದ ಅಂಕ ಅವಿಭಾಜ್ಯ ಸಂಖ್ಯೆ ಆಗಿರುವವರೆಲ್ಲರಿಗೂ’ ಎಂದು ಮಂತ್ರ ಬಿಡುತ್ತಾನೆ. ಕಾಯುವ ಹೊತ್ತಿಲ್ಲ, ಮಂತ್ರಶಕ್ತಿಯ ಖರ್ಚಿಲ್ಲ, ದೂರದ ಮಿತಿಯಿಲ್ಲ. ಆದರೆ ಆ ಲೆಕ್ಕಕ್ಕೆ ಹೊಂದುವವರು ನಿಮ್ಮವರಾದರೆ ಅವರಿಗೂ ಬೀಳುತ್ತದೆ. ಅವನ ನಡಿಗೆ ಆಮೆಯದು, ವೇಗ ಅದಕ್ಕಿಂತ ಕಡಿಮೆ. ಇಷ್ಟಾದರೂ ಸರಿಯಾಗಿ ಪಳಗಿಸಿದರೆ ಇವನೊಬ್ಬನೇ ಕದನ ಮುಗಿಸಿಬಿಡುತ್ತಾನೆ, ಆಮೇಲೆ ಉಳಿದವರಿಗೆ ಕೆಲಸವೇ ಇಲ್ಲ. ನಾನು ಅವನನ್ನು ಪಡೆಗೆ ಸೇರಿಸುವುದಿಲ್ಲ. ಒಂಬತ್ತನೆಯ ತರಗತಿಯಲ್ಲಿ ಅವಿಭಾಜ್ಯ ಸಂಖ್ಯೆಗೆ ಬೆನ್ನು ಹಾಕಿದ್ದ ನನ್ನ ಸೋದರಳಿಯ ಮಾತ್ರ ಅವನನ್ನು ಬಿಟ್ಟು ಬೇರೆಯವರನ್ನು ಮುಟ್ಟುವುದಿಲ್ಲ.

ರಾಶಿ, ನಂಬಿಕೆ, ಇವೆಲ್ಲ ಯುದ್ಧದಲ್ಲಿ ಏಕೆ?

ಪ್ರತಿಯೊಬ್ಬರಿಗೂ ಜನ್ಮರಾಶಿಯಿದೆ. ಮೇಷದಿಂದ ಮೀನದವರೆಗೆ ಹನ್ನೆರಡು. ನಾಯಕನ ಹುಟ್ಟಿದ ದಿನವನ್ನು ಶುರುವಿನಲ್ಲಿ ನೀವೇ ತುಂಬಬೇಕು. ಇಬ್ಬರ ರಾಶಿ ಕೂಡಿಬಂದರೆ ಗಾಯ ವಾಸಿಮಾಡುವ ಮಂತ್ರ ಹೆಚ್ಚು ಫಲಿಸುತ್ತದೆ, ಏಟೂ ಹೆಚ್ಚು ತಾಗುತ್ತದೆ. ಜಾತಕ ನೋಡಿ ಮದುವೆ ನಿಲ್ಲಿಸುವವರನ್ನು ಕಂಡು ಸಿಡುಕುವ ನಾನು ಇಲ್ಲಿ ಶತ್ರುವಿನ ರಾಶಿ ನೋಡದೆ ಕತ್ತಿ ಎತ್ತುವುದಿಲ್ಲ.

ನಂಬಿಕೆಯದು ಇನ್ನೂ ಚೆಂದ. ನಂಬಿಕೆ ಹೆಚ್ಚಿದ್ದವರ ಮಂತ್ರ ಬಲವಾಗಿರುತ್ತದೆ, ಅವರ ಮೇಲೆ ಬಿದ್ದ ಮಂತ್ರವೂ ಅಷ್ಟೇ ಬಲವಾಗಿ ತಾಗುತ್ತದೆ. ದೇವರನ್ನು ನಂಬದವನನ್ನು ಶಾಪವೂ ಮುಟ್ಟದು, ವರವೂ ಮುಟ್ಟದು. ನಂಬಿಕೆಯನ್ನು ಶಾಶ್ವತವಾಗಿ 95ಕ್ಕೆ ಏರಿಸಿದರೆ ಆ ಯೋಧ ಯುದ್ಧವೇ ಬೇಡವೆಂದು ಪಡೆ ಬಿಟ್ಟು ಹೊರಡುತ್ತಾನೆ, ಮರಳುವುದಿಲ್ಲ. ಧೈರ್ಯ 10ಕ್ಕಿಂತ ಕೆಳಗಿಳಿದವನು ಕದನದ ನಡುವೆಯೇ ಕೋಳಿಯಾಗಿ ಓಡಾಡುತ್ತಾನೆ.

ಕಥೆ ಏನು? ರಾಕ್ಷಸರು, ರಾಜಕುಮಾರಿ, ಅಷ್ಟೇ ತಾನೆ?

ಇಲ್ಲಿಂದ ಮೊದಲ ಅಧ್ಯಾಯದ ಗುಟ್ಟು ಬಿಡುತ್ತೇನೆ. ಬೇಡದವರು ಮುಂದಿನ ಪ್ರಶ್ನೆಗೆ ಹೋಗಿ.

ಐವಲೀಸ್ ಎಂಬ ರಾಜ್ಯ. ನೆರೆಯ ನಾಡಿನೊಂದಿಗೆ ಐವತ್ತು ವರ್ಷಗಳ ಯುದ್ಧ ಸೋತು ಮುಗಿದಿದೆ. ಬೊಕ್ಕಸ ಬರಿದು. ಜೀವ ಪಣಕ್ಕಿಟ್ಟು ಹೋರಾಡಿದ ಸೈನಿಕರಿಗೆ ಸಂಬಳ ಕೊಡದೆ ಮನೆಗೆ ಕಳಿಸಿದ್ದಾರೆ. ಅವರಲ್ಲಿ ಕೆಲವರು ದಂಗೆ ಎದ್ದಿದ್ದಾರೆ. ದೊಡ್ಡ ಮನೆತನಗಳ ದೃಷ್ಟಿಯಲ್ಲಿ ಅವರು ಬರಿ ದರೋಡೆಕೋರರು. ಅವರನ್ನು ಅಡಗಿಸಲು ಹೊರಟ ಹುಡುಗ ರಾಮ್ಜಾ, ಅಂಥದೇ ದೊಡ್ಡ ಮನೆತನದ ಕಿರಿಮಗ. ಜೊತೆಗಿರುವವನು ಡೆಲಿಟಾ, ಅದೇ ಮನೆಯಲ್ಲಿ ಬೆಳೆದ ಬಡವರ ಮಗ. ಇಬ್ಬರೂ ಒಂದೇ ತಟ್ಟೆಯಲ್ಲಿ ಉಂಡವರಂತೆ ಇದ್ದಾರೆ. ಡೆಲಿಟಾನ ತಂಗಿ ಟಿಯೆಟ್ರಾಳನ್ನು ದಂಗೆಕೋರರು ಒತ್ತೆಯಾಗಿ ಹಿಡಿದಾಗ, ದೊಡ್ಡ ಮನೆಯವರ ಕಡೆಯವನೇ ಅಡ್ಡ ನಿಂತ ಅವಳ ಮೇಲೆ ಬಾಣ ಬಿಡುತ್ತಾನೆ. ಅವಳು ಬಡವರ ಹುಡುಗಿ ತಾನೆ, ಲೆಕ್ಕಕ್ಕಿಲ್ಲ.

ಅಲ್ಲಿಂದ ಇಬ್ಬರ ದಾರಿ ಬೇರೆ. ರಾಮ್ಜಾ ಮನೆತನದ ಹೆಸರನ್ನೇ ತೊರೆಯುತ್ತಾನೆ. ಡೆಲಿಟಾ ತನ್ನನ್ನು ಬಳಸಿಕೊಂಡವರನ್ನು ತಾನೂ ಬಳಸಿಕೊಳ್ಳುವುದನ್ನು ಕಲಿಯುತ್ತಾನೆ. ಬಿಳಿ ಸಿಂಹ, ಕಪ್ಪು ಸಿಂಹ ಎಂಬ ಇಬ್ಬರು ದೊರೆಗಳು ಗದ್ದುಗೆಗಾಗಿ ಕಾದಾಡುತ್ತಾರೆ; ಉಪಶೀರ್ಷಿಕೆಯ ಸಿಂಹಗಳು ಅವರೇ. ರಾಕ್ಷಸರೂ ಇದ್ದಾರೆ, ನಿಮ್ಮ ಅನುಮಾನ ಸುಳ್ಳಲ್ಲ. ಆದರೆ ನನಗೆ ರಾಕ್ಷಸರು ಬಂದಮೇಲಿನ ಭಾಗಕ್ಕಿಂತ ಅದಕ್ಕೂ ಮುಂಚಿನ ರಾಜಕಾರಣವೇ ಹೆಚ್ಚು ಹಿಡಿಸುತ್ತದೆ.

ಇಡೀ ಕಥೆಯನ್ನು ಹೇಳುತ್ತಿರುವವನು ಅರಾಜ್ಲಾಮ್ ಎಂಬ ಇತಿಹಾಸಕಾರ, ಶತಮಾನಗಳ ನಂತರ. ಎಲ್ಲರೂ ವೀರನೆಂದು ಪೂಜಿಸುವುದು ಡೆಲಿಟಾನನ್ನು. ರಾಮ್ಜಾನ ಹೆಸರು ಎಲ್ಲೂ ಇಲ್ಲ. ಧರ್ಮಪೀಠ ಅವನನ್ನು ಪಾಷಂಡಿ ಎಂದು ಸಾರಿ ಕಡತಗಳನ್ನು ಬಚ್ಚಿಟ್ಟಿತ್ತು. ಅಂದರೆ ನೀವು ಇಷ್ಟು ಕಷ್ಟಪಟ್ಟು ಗೆಲ್ಲಿಸುವವನನ್ನು ಲೋಕ ನೆನಪಿಡುವುದಿಲ್ಲ ಎಂಬುದು ಆರಂಭದಲ್ಲೇ ಗೊತ್ತು. ಗೊತ್ತಿದ್ದೂ ಆಡುತ್ತೀರಿ. ನಾನು ಈ ಗೇಮಿಗೆ ಮತ್ತೆ ಮತ್ತೆ ಮರಳುವುದು ವೃತ್ತಿಗಳಿಗಾಗಿ ಎಂದು ಗೆಳೆಯರಿಗೆ ಹೇಳುತ್ತೇನೆ. ನಿಜ ಹೇಳಬೇಕೆಂದರೆ ಇದಕ್ಕಾಗಿ.

ಕನ್ನಡ ಮಾಧ್ಯಮದಲ್ಲಿ ಓದಿದ್ದೇನೆ. ಇಂಗ್ಲಿಷ್ ಕಷ್ಟವಾಗುತ್ತದೆಯೇ?

ಕಥೆಯ ಇಂಗ್ಲಿಷ್ ಸ್ವಲ್ಪ ಕಷ್ಟವೇ. 1998ರಲ್ಲಿ ಬಂದ ಮೊದಲ ಇಂಗ್ಲಿಷ್ ಅನುವಾದ ಕೆಲವೆಡೆ ಅರ್ಥವೇ ಆಗದಷ್ಟು ಎಡವಟ್ಟಾಗಿತ್ತು. ಪಿಎಸ್‌ಪಿಗೆಂದು ಮಾಡಿದ ಹೊಸ ಅನುವಾದ ಹಳೆಗಾಲದ ನಾಟಕದ ಧಾಟಿಯದು. ಗಾಂಭೀರ್ಯವಿದೆ, ಆದರೆ ನಿಘಂಟು ಹತ್ತಿರವಿರಲಿ. ಸಮಾಧಾನದ ವಿಷಯವೆಂದರೆ ಮಾತು ನೀವು ಗುಂಡಿ ಒತ್ತಿದಾಗ ಮಾತ್ರ ಮುಂದಕ್ಕೆ ಹೋಗುತ್ತದೆ, ನೋಡಿದ ದೃಶ್ಯಗಳನ್ನು ಆಮೇಲೆ ಮತ್ತೆ ತೆರೆದು ನೋಡಬಹುದು. ಯುದ್ಧದಲ್ಲಿ ಬೇಕಾಗುವ ಪದಗಳು ಕೆಲವೇ, ಒಂದೆರಡು ಕದನದಲ್ಲಿ ಬಾಯಿಪಾಠ ಆಗುತ್ತವೆ.

ಸತ್ತವರು ಸತ್ತೇ ಹೋಗುತ್ತಾರೆಯೇ?

ಬಿದ್ದವನ ತಲೆಯ ಮೇಲೆ 3 ಎಂಬ ಅಂಕಿ ಮೂಡುತ್ತದೆ. ಅವನ ಸರದಿ ಬಂದಾಗಲೆಲ್ಲ ಅದು ಒಂದೊಂದಾಗಿ ಇಳಿಯುತ್ತದೆ. ಸೊನ್ನೆ ಮುಗಿಯುವುದರೊಳಗೆ ಎಬ್ಬಿಸಬೇಕು, ಇಲ್ಲವೇ ಕದನ ಗೆದ್ದು ಮುಗಿಸಬೇಕು. ಆಗದಿದ್ದರೆ ಅವನು ಸ್ಫಟಿಕವಾಗುತ್ತಾನೆ, ಇಲ್ಲವೇ ನಿಧಿಪೆಟ್ಟಿಗೆಯಾಗುತ್ತಾನೆ. ಸ್ಫಟಿಕವನ್ನು ಎತ್ತಿಕೊಂಡವರು ಸತ್ತವನ ವಿದ್ಯೆಯನ್ನು ಕಲಿಯಬಹುದು.

ರಿಯೋವೇನ್ಸ್ ಕೋಟೆಯಲ್ಲಿ ಸಿಕ್ಕಿಕೊಂಡಿದ್ದೇನೆ, ಹೊರಬರಲು ಆಗುತ್ತಿಲ್ಲ. ಏನು ಮಾಡಲಿ?

ನೀವು ಒಬ್ಬರೇ ಅಲ್ಲ. ಮೂರನೆಯ ಅಧ್ಯಾಯದ ಈ ಕೋಟೆಯಲ್ಲಿ ಒಂದರ ಹಿಂದೊಂದು ಮೂರು ಕದನಗಳು. ನಡುವೆ ಸೇವ್ ಮಾಡಲು ಬಿಡುತ್ತಾರೆ, ಆದರೆ ಹೊರಗೆ ಹೋಗಿ ಬಲಪಡಿಸಿಕೊಳ್ಳಲು ಬಿಡುವುದಿಲ್ಲ. ಎರಡನೆಯದರಲ್ಲಿ ರಾಮ್ಜಾ ಒಬ್ಬನೇ ಬಲಿಷ್ಠ ಶತ್ರು ವೀಗ್ರಾಫ್‌ನನ್ನು ಎದುರಿಸಬೇಕು. ಅಲ್ಲಿಯವರೆಗೆ ಉಳಿದವರನ್ನು ಬೆಳೆಸಿ ರಾಮ್ಜಾನನ್ನು ಕಡೆಗಣಿಸಿದ್ದರೆ ಗತಿ ಅಷ್ಟೇ.

ಒಂದು ದಾರಿಯಿದೆ. ರಾಮ್ಜಾನ ಸ್ಕ್ವೈರ್ ವಿದ್ಯೆಯಲ್ಲಿ ವೇಗ ಹೆಚ್ಚಿಸುವ ಟೇಲ್‌ವಿಂಡ್ ಇದೆ. ರಾಮ್ಜಾ ಅದನ್ನು ತನ್ನ ಮೇಲೇ ಪ್ರಯೋಗಿಸಿಕೊಳ್ಳಬಹುದು. ವೀಗ್ರಾಫ್‌ನಿಂದ ದೂರ ಓಡುತ್ತಾ ಅದನ್ನೇ ಮತ್ತೆ ಮತ್ತೆ ಮಾಡಿ. ವೇಗ ಏರಿದಂತೆ ಅವನ ಒಂದು ಸರದಿಗೆ ನಿಮಗೆ ಎರಡು, ಮೂರು ಸರದಿ ಸಿಗುತ್ತವೆ. ಆಮೇಲೆ ಹೊಡೆಯಿರಿ. ಏಟು ಬಿದ್ದಾಗ ತಾನಾಗಿ ಔಷಧ ಕುಡಿಯುವ ವಿದ್ಯೆಯೂ ಇದ್ದರೆ ಇನ್ನೂ ಸುಲಭ. ಎರಡೂ ಇಲ್ಲದಿದ್ದರೆ, ಹಳೆಯ ಸೇವ್ ಕೂಡ ಇಲ್ಲದಿದ್ದರೆ, ಮೊದಲಿನಿಂದ ಆಡಬೇಕು. ಇದಕ್ಕೆ ನಾನು ಸಿಹಿಮಾತು ಹೇಳಲಾರೆ. ಇನ್ನೂ ಅಲ್ಲಿಗೆ ಹೋಗದವರು ಬೇರೆ ಬೇರೆ ಜಾಗಗಳಲ್ಲಿ ಎರಡು ಸೇವ್ ಇಟ್ಟುಕೊಳ್ಳಿ.

ಸರ್, ನನ್ನ ಮಗ ಊಟಕ್ಕೆ ಕರೆದರೂ ಏಳುವುದಿಲ್ಲ. ಇದು ಅಷ್ಟು ಕೆಟ್ಟ ಚಟವೇ?

ಅಕ್ಕ, ಒಂದು ಕದನಕ್ಕೆ ಅರ್ಧ ಗಂಟೆ ಹಿಡಿಯಬಹುದು, ನಡುವೆ ಎದ್ದರೆ ಕೆಟ್ಟುಹೋಗುತ್ತದೆ ಎಂದು ಅವನು ಹೇಳುತ್ತಿದ್ದರೆ ನಂಬಬೇಡಿ. ಪಿಎಸ್‌ಪಿಯ ಬದಿಯ ಗುಂಡಿಯನ್ನು ಮೇಲಕ್ಕೆ ಸರಿಸಿದರೆ ಯಂತ್ರ ಇದ್ದಲ್ಲೇ ಮಲಗುತ್ತದೆ, ಮತ್ತೆ ಸರಿಸಿದರೆ ನಿಂತಲ್ಲಿಂದಲೇ ಏಳುತ್ತದೆ. ಕಾಲದ ಒತ್ತಡವಿಲ್ಲದ ಆಟ ಇದು. ಯೋಚಿಸುವಷ್ಟು ಹೊತ್ತು ಶತ್ರು ಕದಲುವುದಿಲ್ಲ. ಬೆಣ್ಣೆದೋಸೆ ಬಂದಾಗ ಮಲಗಿಸಿ, ಕೈ ತೊಳೆದು ಬಂದು ಎಬ್ಬಿಸಬಹುದು. ದಾವಣಗೆರೆಯಿಂದ ದುರ್ಗಕ್ಕೆ ಬಸ್ಸಿನಲ್ಲಿ ಹೋಗುವಾಗ ನಾನು ಆಡುವುದೂ ಹೀಗೆಯೇ, ಟಿಕೆಟ್ ಕೇಳಲು ಬಂದ ನಿರ್ವಾಹಕರನ್ನು ಕಾಯಿಸದೆ. ಊಟಕ್ಕೆ ಏಳದಿರುವುದು ನಿಮ್ಮ ಮಗನ ಹಟ, ಗೇಮಿನದಲ್ಲ.

ಈಗ ಎಲ್ಲಿ ಸಿಗುತ್ತದೆ? ಯಾವುದರಲ್ಲಿ ಆಡಲಿ?

ಪಿಎಸ್‌ಪಿ ತಯಾರಿಕೆ 2014ರಲ್ಲೇ ನಿಂತಿದೆ, ಈಗ ಸಿಗುವುದೆಲ್ಲ ಬಳಸಿದ್ದು. ಕೊಳ್ಳುವಾಗ ಹಿಂಬದಿಯ ಮುಚ್ಚಳ ತೆಗೆದು ಬ್ಯಾಟರಿ ಉಬ್ಬಿದೆಯೇ ನೋಡಿ; ಉಬ್ಬಿದ್ದರೆ ಅದನ್ನು ಬಳಸಲೇಬೇಡಿ. ಸಣ್ಣ ಡಿಸ್ಕ್ ಹಾಕಿ ಅಂಗಡಿಯಲ್ಲೇ ಓಡಿಸಿ ನೋಡಿ. ಸೇವ್ ಮಾಡಲು ಸೋನಿಯದೇ ಬೇರೆ ನಮೂನೆಯ ಮೆಮೊರಿ ಕಾರ್ಡ್ ಬೇಕು, ಮೊಬೈಲಿನದು ನೇರವಾಗಿ ಹಿಡಿಸುವುದಿಲ್ಲ.

ಮೊಬೈಲಿನಲ್ಲಿ ಆಡುವವರಿಗೆ ಇದೇ ಆವೃತ್ತಿ ಐಫೋನ್‌ಗೆ 2011ರಲ್ಲಿ, ಆಂಡ್ರಾಯ್ಡ್‌ಗೆ 2015ರಲ್ಲಿ ಬಂದಿದೆ. ಪಿಎಸ್‌ಪಿಯಲ್ಲಿ ಮಂತ್ರ ಬಿಡುವಾಗ ಆಟ ತೂಕಡಿಸುತ್ತದೆ, ಮೊಬೈಲಿನಲ್ಲಿ ಆ ಕಾಟವಿಲ್ಲ. ನನಗೆ ಮಾತ್ರ ಬೆರಳಿಗೆ ಗುಂಡಿ ಸಿಗದಿದ್ದರೆ ಸಮಾಧಾನವಿಲ್ಲ. 2025ರ ಸೆಪ್ಟೆಂಬರ್‌ನಲ್ಲಿ ‘ದಿ ಐವಲೀಸ್ ಕ್ರಾನಿಕಲ್ಸ್’ ಎಂಬ ಹೊಸ ರೂಪ ಸ್ವಿಚ್, ಪ್ಲೇಸ್ಟೇಷನ್, ಎಕ್ಸ್‌ಬಾಕ್ಸ್ ಮತ್ತು ಕಂಪ್ಯೂಟರಿಗೆ ಬಂದಿದೆ. ಪಾತ್ರಗಳಿಗೆ ದನಿ ಕೊಟ್ಟಿದ್ದಾರೆ, ಆಟದ ವೇಗ ಹೆಚ್ಚಿಸಬಹುದು, ತಾನಾಗಿ ಸೇವ್ ಆಗುತ್ತದೆ. ಆದರೆ ಪಿಎಸ್‌ಪಿಯಲ್ಲಿ ಸೇರಿಸಿದ್ದ ಡಾರ್ಕ್ ನೈಟ್ ವೃತ್ತಿ ಮುಂತಾದವು ಅದರಲ್ಲಿಲ್ಲ. ಪುಕ್ಕಟೆ ಪ್ರತಿ ಎಲ್ಲಿ ಸಿಗುತ್ತದೆ ಎಂದು ನನ್ನನ್ನು ಕೇಳಬೇಡಿ.

ದೋಷಗಳೇ ಇಲ್ಲವೇ?

ಇವೆ. ನಾಲ್ಕನೆಯ ಅಧ್ಯಾಯದಲ್ಲಿ ಓರ್ಲಾಂಡೊ ಎಂಬ ಮುದುಕ ಯೋಧ ಸೇರಿದ ಮೇಲೆ ಕಷ್ಟವೆಂಬುದೇ ಮಾಯ. ಅವನನ್ನು ಮನೆಯಲ್ಲಿ ಕೂರಿಸಿ ಆಡುವುದು ಒಳ್ಳೆಯದು. ದಾರಿಯಲ್ಲಿ ಎದುರಾಗುವ ಶತ್ರುಗಳ ಲೆವೆಲ್ ನಿಮ್ಮ ಪಡೆಯ ಗರಿಷ್ಠ ಲೆವೆಲ್ ಜೊತೆಗೇ ಏರುವುದರಿಂದ ಒಬ್ಬನನ್ನೇ ಬೆಳೆಸಿದರೆ ಉಳಿದವರು ಸಾಯುತ್ತಾರೆ. ಪಿಎಸ್‌ಪಿಯ ಕೆಲವು ಒಳ್ಳೆಯ ಆಯುಧಗಳು ಇನ್ನೊಂದು ಪಿಎಸ್‌ಪಿಯೊಂದಿಗೆ ಎದುರುಬದುರು ಕೂತು ಆಡಿದರೆ ಮಾತ್ರ ಸಿಗುತ್ತವೆ. ನಮ್ಮ ಎರಡು ಜಿಲ್ಲೆಗಳಲ್ಲಿ ಅಂಥ ಇನ್ನೊಬ್ಬರನ್ನು ಹುಡುಕುವುದು ವೀಗ್ರಾಫ್‌ನನ್ನು ಗೆಲ್ಲುವುದಕ್ಕಿಂತ ಕಷ್ಟ.

ಇದು ಮುಗಿದ ಮೇಲೆ ಏನು ಆಡಲಿ?

ಮಟ್ಸುನೊ ಇದಕ್ಕೂ ಮೊದಲು ಮಾಡಿದ ಟ್ಯಾಕ್ಟಿಕ್ಸ್ ಓಗರ್ ಕೂಡ ಪಿಎಸ್‌ಪಿಗೆ ಹೊಸದಾಗಿ ಬಂದಿದೆ. ರಾಜಕಾರಣ ಇಷ್ಟವಾದವರಿಗೆ ಅದು. ಗೇಮ್‌ಬಾಯ್ ಅಡ್ವಾನ್ಸ್‌ನ ಟ್ಯಾಕ್ಟಿಕ್ಸ್ ಅಡ್ವಾನ್ಸ್ ಹಗುರ. ಕದನಕ್ಕೆ ನ್ಯಾಯಾಧೀಶ ಬಂದು ‘ಇಂದು ಕತ್ತಿ ಬಳಸುವಂತಿಲ್ಲ’ ಎಂಬಂಥ ಕಾನೂನು ಹೊರಡಿಸುತ್ತಾನೆ, ಮೀರಿದರೆ ಹಳದಿ ಕಾರ್ಡ್. ಫೈರ್ ಎಂಬ್ಲಮ್ ಸರಣಿ ಇನ್ನೂ ಸರಳ.

ಮೊದಲ ಸಲ ಆಡುವವರು ಏನನ್ನು ಗಮನಿಸಬೇಕು?

ಎಲ್ಲರನ್ನೂ ಸ್ವಲ್ಪ ದಿನ ಕೆಮಿಸ್ಟ್ ಮಾಡಿ. ಔಷಧ ಎಸೆಯಲು, ಬಿದ್ದವರನ್ನು ಎಬ್ಬಿಸಲು ಎಲ್ಲರಿಗೂ ಬರಲಿ. ಸ್ಕ್ವೈರ್ ಆಗಿರುವಾಗಲೇ ಕಲಿಕೆಯ ಅಂಕ ಹೆಚ್ಚಿಸುವ ಗುಣವನ್ನು ಮೊದಲು ಕೊಂಡುಕೊಳ್ಳಿ, ಬೇರೆಲ್ಲ ಆಮೇಲೆ. ಡಾರ್ಟರ್‌ಗೆ ಹೋಗುವ ಮುನ್ನ ದಾರಿಯ ಬಯಲಿನಲ್ಲಿ ಒಂದಷ್ಟು ಕದನ ಮಾಡಿ. ಅಲ್ಲಿ ಹೋದಮೇಲೆ ಬೀದಿಯ ನಡುವೆ ಗುಂಪಾಗಿ ನಿಲ್ಲಬೇಡಿ, ಇಬ್ಬರನ್ನು ನೇರವಾಗಿ ಮಾಡಿನ ಮೇಲಿನ ಬಿಲ್ಲುಗಾರನ ಕಡೆಗೆ ಹತ್ತಿಸಿ.